ಹೆಗ್ಗಣ ಇಳಿಯಬಹುದು, ಮನುಷ್ಯ ಯಾಕೆ?

ತಿರುವನಂತಪುರದ ಒಳಚರಂಡಿಗಳಿಗೆ 2018ರಲ್ಲಿ ಇಳಿದ ಯಂತ್ರಮಾನವನಿಗೆ ಅದನ್ನು ರೂಪಿಸಿದ ತರುಣ ಎಂಜಿನಿಯರುಗಳು ಇಟ್ಟ ಹೆಸರು ‘ಬ್ಯಾಂಡಿಕೂಟ್’. ಅಂದರೆ ಹೆಗ್ಗಣ. ತೆಲುಗಿನ ‘ಪಂದಿಕೊಕ್ಕು’ ಇಂಗ್ಲಿಷಿಗೆ ಹೋಗಿ, ವೇಷ ಬದಲಿಸಿಕೊಂಡು ದಕ್ಷಿಣಕ್ಕೇ ಮರಳಿದೆ! ಜೆನ್‌ರೋಬೋಟಿಕ್ಸ್ ಸಂಸ್ಥೆಯ ಈ ತರುಣರನ್ನು ಕಾಡಿದ್ದು 2015ರ ಕೋಯಿಕ್ಕೋಡ್ ದುರಂತ. ಅಲ್ಲಿ ಆಳುಗುಂಡಿಗೆ ಇಳಿದ ಇಬ್ಬರು ಕಾರ್ಮಿಕರ ಜೊತೆಗೆ, ಅವರನ್ನು ಮೇಲೆತ್ತಲು ಧಾವಿಸಿದ ಆಟೊ ಚಾಲಕರೊಬ್ಬರೂ ಪ್ರಾಣ ಬಿಟ್ಟರು.

ರಕ್ಷಿಸಲು ಹೋದವರೂ ಸಾಯುವುದು ಆಕಸ್ಮಿಕವಲ್ಲ. ಕೊಳೆತ ಹೂಳಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ತಳದಲ್ಲಿ ಮಡುಗಟ್ಟಿರುತ್ತದೆ, ಹೂಳು ಕಲಕಿದೊಡನೆ ಒಮ್ಮೆಲೇ ಹೊರಬೀಳುತ್ತದೆ. ಕೊಳೆತ ಮೊಟ್ಟೆಯ ಅದರ ನಾತವೇ ಎಚ್ಚರಿಕೆ ಎನ್ನೋಣವೆಂದರೆ, ಪ್ರಮಾಣ ಏರಿದಂತೆ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಇಲ್ಲವೆಂದು ಧೈರ್ಯ ತಂದುಕೊಂಡವನು ಮರುಕ್ಷಣ ಕುಸಿಯುತ್ತಾನೆ.

ಈ ಹೆಗ್ಗಣಕ್ಕೆ ಆ ಭಯವಿಲ್ಲ. ಗುಂಡಿಯ ಬಾಯಿಯ ಮೇಲೆ ಚೌಕಟ್ಟು ನಿಲ್ಲುತ್ತದೆ. ಕೈಕಾಲುಗಳೂ ಕ್ಯಾಮೆರಾಗಳೂ ಇರುವ ಭಾಗ ಕೆಳಗಿಳಿದು ಹೂಳನ್ನು ಬಾಚಿ ಬಕೆಟ್ಟಿಗೆ ತುಂಬುತ್ತದೆ. ಹಿಂದೆ ಗುಂಡಿಗೆ ಇಳಿಯುತ್ತಿದ್ದವರೇ ತರಬೇತಿ ಪಡೆದು, ಮೇಲೆ ನಿಂತು ಪರದೆ ನೋಡುತ್ತಾ ಅದನ್ನು ನಡೆಸುತ್ತಾರೆ. ಆದರೆ ಅದು ಶುಚಿಮಾಡುವುದು ಗುಂಡಿಯನ್ನು. ಎರಡು ಗುಂಡಿಗಳ ನಡುವಿನ ಕೊಳವೆಗೆ ಜೆಟ್ಟಿಂಗ್ ಯಂತ್ರವೇ ಬೇಕು.

ಕಾನೂನಿಗಂತೂ ಬರವಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಸಚಿವ ಬಸವಲಿಂಗಪ್ಪನವರು ಎಪ್ಪತ್ತರ ದಶಕದಲ್ಲೇ ಕರ್ನಾಟಕದಲ್ಲಿ ಮುಂದಾದರು. 1993ರಲ್ಲೊಂದು, 2013ರಲ್ಲೊಂದು ಕೇಂದ್ರ ಕಾಯ್ದೆ ಬಂತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಚರಂಡಿಗೆ ಇಳಿಸುವುದು ನಿಲ್ಲಬೇಕೆಂದು ಆದೇಶಿಸಿತು.

ಇಷ್ಟಾದರೂ ನಾವು ಬೆರಳು ತೋರಿಸುವುದು ಜಲಮಂಡಳಿಯ ಕಡೆಗೆ, ನಗರಸಭೆಯ ಕಡೆಗೆ. ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಬೀದಿಯ ಗುಂಡಿಯಲ್ಲ, ನಮ್ಮ ಗೇಟಿನೊಳಗಿನ ತೊಟ್ಟಿ. ಅಪಾರ್ಟ್‌ಮೆಂಟುಗಳ ತ್ಯಾಜ್ಯನೀರು ಶುದ್ಧೀಕರಣ ಘಟಕ, ಹೋಟೆಲಿನ ಸೆಪ್ಟಿಕ್ ಟ್ಯಾಂಕು, ಹಳೆಯ ಮನೆಯ ಹಿತ್ತಲ ಗುಂಡಿ: ಇಲ್ಲೆಲ್ಲ ಅಧಿಕಾರಿಯ ಕಣ್ಣಿಲ್ಲ. ನಾನಿರುವ ಕಟ್ಟಡದ ಸಂಘದ ಸಭೆಯಲ್ಲಿ ತೊಟ್ಟಿ ಶುಚಿಮಾಡುವ ದರದ ಬಗ್ಗೆ ಅರ್ಧ ಗಂಟೆ ಚರ್ಚೆ ನಡೆಯಿತು. ಒಳಗೆ ಯಾರಾದರೂ ಇಳಿಯುತ್ತಾರೆಯೇ ಎಂದು ನಾನು ಕೇಳಿದಾಗ, ‘ಅದು ಗುತ್ತಿಗೆದಾರರಿಗೆ ಬಿಟ್ಟದ್ದು, ಸಾರ್’ ಎಂಬ ಉತ್ತರ ಬಂತು. ಹಾಗೆ ಬಿಡಲು ಬರುವುದಿಲ್ಲ. 2013ರ ಕಾಯ್ದೆ ಸ್ಥಳೀಯ ಸಂಸ್ಥೆಯನ್ನಷ್ಟೇ ಅಲ್ಲ, ಯಾವುದೇ ವ್ಯಕ್ತಿಯನ್ನೂ ಏಜೆನ್ಸಿಯನ್ನೂ ಹಿಡಿಯುತ್ತದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.

ಪ್ರತಿ ಕಟ್ಟಡವೂ ಯಂತ್ರಮಾನವನನ್ನು ಕೊಳ್ಳಬೇಕಿಲ್ಲ. ದೆಹಲಿಯಲ್ಲಿ 2019ರಲ್ಲಿ ಇಕ್ಕಟ್ಟಿನ ಗಲ್ಲಿಗಳಿಗೂ ನುಗ್ಗುವ 200 ಶುಚೀಕರಣ ವಾಹನಗಳನ್ನು ರಸ್ತೆಗಿಳಿಸಿದಾಗ, ಚರಂಡಿಯಲ್ಲಿ ಸತ್ತವರ ಕುಟುಂಬದವರಿಗೂ ಸಫಾಯಿ ಕಾರ್ಮಿಕರಿಗೂ ಆದ್ಯತೆಯಿತ್ತು. ಹಾಗೆ ಇಲ್ಲಿಯೂ ಕಾರ್ಮಿಕರ ಕೈಗೇ ವಾಹನ ಕೊಟ್ಟು, ಕರೆ ಮಾಡಿದರೆ ಬರುವಂತೆ ದರ ನಿಗದಿಪಡಿಸಿದರೆ ಸಂಘಗಳಿಗೆ ನೆಪ ಉಳಿಯುವುದಿಲ್ಲ. ಬಾಡಿಗೆ ಕೊಂಚ ಹೆಚ್ಚಾದೀತು. ಮನೆಯೊಂದಕ್ಕೆ ಹಂಚಿದರೆ ತಿಂಗಳ ಕೇಬಲ್ ಬಿಲ್ಲಿಗಿಂತ ದೊಡ್ಡದಾಗಲಾರದು.