ಕರೆದರೂ ತಿರುಗಿ ನೋಡದ ಹುಡುಗಿ

ಹಳದಿ ಬಣ್ಣದ ದೊಡ್ಡ ಹಕ್ಕಿಯೊಂದು ಪುಟ್ಟ ಹುಡುಗಿಯ ಹತ್ತಿರ ಬಂದು ನಮಸ್ಕಾರ ಹೇಳಿ, ತನ್ನ ಹೆಸರನ್ನೂ ಹೇಳುತ್ತದೆ. ಹುಡುಗಿ ಚಿತ್ರ ಬಿಡಿಸುತ್ತಾ ಕೂತಿದ್ದಾಳೆ, ತಲೆ ಎತ್ತುವುದಿಲ್ಲ. ಹಕ್ಕಿ ಇನ್ನೊಮ್ಮೆ ಮಾತಾಡಿಸುತ್ತದೆ. ಊಹೂಂ. ಹಕ್ಕಿಗೆ ಬೇಜಾರಾಗುತ್ತದೆ, ಇವಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಅಂದುಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಇದೇ ಆದರೆ ಏನು ಹೇಳುತ್ತೇವೆ? ನೆಂಟರು ಬಂದಾಗ ಮಗು ಸಲಾಂ ಹೇಳದಿದ್ದರೆ, ಮುಖ ನೋಡದಿದ್ದರೆ, ಒಂದೋ ಮಗುವಿಗೆ ಅಹಂಕಾರ, ಇಲ್ಲವೇ ಉಮ್ಮ ಬೆಳೆಸಿದ್ದು ಸರಿಯಿಲ್ಲ. ಮೂರನೆಯ ಕಾರಣ ಇರಬಹುದು ಅಂತ ಯೋಚಿಸುವವರು ಕಡಿಮೆ.

ಆ ಹುಡುಗಿಯ ಹೆಸರು ಜೂಲಿಯಾ. ಕಿತ್ತಳೆ ಕೂದಲು, ಹಸಿರು ಕಣ್ಣು, ಕೈಯಲ್ಲೊಂದು ಬಟ್ಟೆಯ ಮೊಲ. ಅವಳು ಗೊಂಬೆ. ಅಮೆರಿಕದಲ್ಲಿ 1969ರಿಂದ ನಡೆದು ಬಂದಿರುವ ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಆಟಿಸಂ ಇರುವ ಮಗುವಾಗಿ ಬಂದವಳು. ನಮ್ಮಲ್ಲಿ ಅದರ ಹಿಂದಿ ರೂಪ ‘ಗಲ್ಲಿ ಗಲ್ಲಿ ಸಿಂ ಸಿಂ’ ನೋಡಿದವರಿದ್ದಾರೆ. ಗಲ್ಫ್‌ನಲ್ಲಿ ಬೆಳೆದವರಿಗೆ 1979ರಲ್ಲಿ ಶುರುವಾದ ಅರಬಿಯ ‘ಇಫ್ತಹ್ ಯಾ ಸಿಂಸಿಂ’ ನೆನಪಿರಬಹುದು. ಜೂಲಿಯಾ ಮೊದಲು ಬಂದದ್ದು 2015ರಲ್ಲಿ, ಒಂದು ಕಥೆಪುಸ್ತಕದಲ್ಲಿ. ಟಿವಿಗೆ ಬಂದದ್ದು 2017ರ ಎಪ್ರಿಲ್ 10ರಂದು.

ಗೊಂಬೆಯನ್ನು ಆಡಿಸುವವರು ಸ್ಟೇಸಿ ಗಾರ್ಡನ್, ಅರಿಜೋನಾ ರಾಜ್ಯದ ಫೀನಿಕ್ಸ್ ಊರಿನವರು. ಗೊಂಬೆಯಾಟವೇ ಅವರ ಕಸುಬು. ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡಿದ ಅನುಭವವೂ ಉಂಟು. ಎಲ್ಲಕ್ಕಿಂತ ದೊಡ್ಡ ಮಾತು, ಅವರ ಸ್ವಂತ ಮಗನಿಗೇ ಆಟಿಸಂ ಇದೆ. ಮನೆಯಲ್ಲಿ ನೋಡಿದ್ದನ್ನೇ ಅವರು ಗೊಂಬೆಗೆ ಕೊಟ್ಟರು. ಖುಷಿಯಾದಾಗ ಜೂಲಿಯಾ ಎರಡೂ ಕೈಗಳನ್ನು ಹಕ್ಕಿಯ ರೆಕ್ಕೆಯಂತೆ ಬಡಿಯಬೇಕಿತ್ತು. ಸಾಮಾನ್ಯ ಗೊಂಬೆಗಳ ಕೈಯಲ್ಲಿ ಅದು ಆಗುವುದಿಲ್ಲ, ಹಾಗಾಗಿ ಆ ಕೈಬಡಿತಕ್ಕೆಂದೇ ಬೇರೆ ಜೋಡಿ ಕೈ ಮಾಡಿಸಿದರು. ನನಗೆ ಈ ಸಂಗತಿ ಬಹಳ ಹಿಡಿಸಿತು. ನಾವು ‘ಕೈ ಕೆಳಗಿಡು ಮೋನೆ, ಜನ ನೋಡ್ತಾರೆ’ ಅಂತ ಗದರಿಸುವ ಅದೇ ಕೈಬಡಿತ!

ಮೊದಲ ಕಂತಿನಲ್ಲಿ ನಡೆಯುವುದು ಇಷ್ಟು. ಉಳಿದವರು ಬೆರಳನ್ನು ಬಣ್ಣದಲ್ಲಿ ಅದ್ದಿ ಚಿತ್ರ ಬರೆಯುತ್ತಾರೆ. ಜೂಲಿಯಾಗೆ ಆ ಅಂಟು ಸೇರದು, ಅವಳು ಬ್ರಶ್ ಹಿಡಿಯುತ್ತಾಳೆ. ಮುಟ್ಟಾಟ ಆಡುವಾಗ ಖುಷಿಯಲ್ಲಿ ಜಿಗಿಯುತ್ತಾಳೆ. ‘ಅದು ಆಟದ ನಿಯಮ ಅಲ್ಲ’ ಅಂತ ಯಾರೂ ತಡೆಯುವುದಿಲ್ಲ, ಎಲ್ಲರೂ ಜಿಗಿಯುತ್ತಾ ಆಡುವ ಹೊಸ ಆಟವೇ ಹುಟ್ಟುತ್ತದೆ. ಬೀದಿಯಲ್ಲಿ ಸೈರನ್ ಕೂಗಿದಾಗ ಅವಳು ಕಿವಿ ಮುಚ್ಚಿಕೊಂಡು ಒದ್ದಾಡುತ್ತಾಳೆ. ಹಿರಿಯರೊಬ್ಬರು ಅವಳನ್ನು ಸದ್ದಿಲ್ಲದ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಅವಳು ಮತ್ತೆ ಆಟಕ್ಕೆ ಬರುತ್ತಾಳೆ. ಅಳು ನಿಲ್ಲಿಸಲು ಚಾಕಲೇಟಿಲ್ಲ, ಪೆಟ್ಟಿಲ್ಲ, ಭಾಷಣವೂ ಇಲ್ಲ.

ಆ ದಿನಗಳಲ್ಲಿ ಒಂದು ಟಿವಿ ಸಂದರ್ಶನದಲ್ಲಿ ಗಾರ್ಡನ್ ಹೇಳಿದ ಮಾತಿನ ಸಾರ ಹೀಗಿದೆ: ನನ್ನ ಮಗನ ಸಹಪಾಠಿಗಳು ಇಂಥ ವರ್ತನೆಯನ್ನು ಮೊದಲೇ ಟಿವಿಯಲ್ಲಿ ನೋಡಿದ್ದರೆ, ಕ್ಲಾಸಿನಲ್ಲಿ ಅವನು ಅತ್ತಾಗ ಹೆದರುತ್ತಿರಲಿಲ್ಲ. ಅವನು ಆಡುವುದು ಬೇರೆ ರೀತಿ, ಅದರಲ್ಲೇನೂ ತಪ್ಪಿಲ್ಲ ಅಂತ ಅವರಿಗೆ ಗೊತ್ತಿರುತ್ತಿತ್ತು.

2019ರಲ್ಲಿ ಜೂಲಿಯಾಳ ಮನೆಯವರೂ ಬಂದರು: ಅಪ್ಪ ಡೇನಿಯಲ್, ಅಮ್ಮ ಎಲೆನಾ, ಅಣ್ಣ ಸ್ಯಾಮುವೆಲ್, ರೋಸ್ ಎಂಬ ನಾಯಿ. ಅಣ್ಣನನ್ನು ತಂದದ್ದು ನನ್ನ ಲೆಕ್ಕದಲ್ಲಿ ಒಳ್ಳೆಯ ಕೆಲಸ. ಇಂಥ ಮನೆಗಳಲ್ಲಿ ಒಡಹುಟ್ಟಿದವರನ್ನು ಯಾರೂ ಕೇಳುವುದಿಲ್ಲ. ಶಾಲೆಯ ಅಂಗಳದಲ್ಲಿ ‘ನಿನ್ನ ತಂಗಿ ಯಾಕೆ ಹಾಗೆ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮಾತ್ರ ಅವರೇ. ಎಂಟು ವರ್ಷದ ಹುಡುಗ ಏನಂತ ಹೇಳಬೇಕು ಮಾರಾಯ್ರೆ?

ಗೊಂಬೆಯ ಮೂಲಕ ಶಾಲೆಯ ಮಕ್ಕಳಿಗೆ ಹೇಳುವ ದಾರಿ ಇದಕ್ಕಿಂತ ಹಳೆಯದು. 1977ರಲ್ಲಿ ವಾಷಿಂಗ್ಟನ್‌ನಲ್ಲಿ ಬಾರ್ಬರಾ ಐಯೆಲ್ಲೊ ಎಂಬ ಶಿಕ್ಷಕಿ ‘ಕಿಡ್ಸ್ ಆನ್ ದಿ ಬ್ಲಾಕ್’ ಎಂಬ ಗೊಂಬೆ ತಂಡ ಕಟ್ಟಿದರು. ವಿಶೇಷ ಶಾಲೆಯಿಂದ ಸಾಮಾನ್ಯ ಶಾಲೆಗೆ ಹೋದ ಅವರ ವಿದ್ಯಾರ್ಥಿಯನ್ನು ಅಲ್ಲಿನ ಮಕ್ಕಳು ಗೇಲಿ ಮಾಡಿ ಹಿಂಸಿಸಿದ್ದೇ ಕಾರಣ. ಮಕ್ಕಳಷ್ಟೇ ದೊಡ್ಡ ಗೊಂಬೆಗಳು, ಕಪ್ಪು ಬಟ್ಟೆ ತೊಟ್ಟ ಕಲಾವಿದರು, ಚಿಕ್ಕದೊಂದು ನಾಟಕ. ನಾಟಕ ಮುಗಿದ ಮೇಲೆ ಮಕ್ಕಳು ನೇರ ಗೊಂಬೆಯನ್ನೇ ಪ್ರಶ್ನೆ ಕೇಳಬಹುದು, ಇಡೀ ಉಪಾಯದ ಜೀವ ಅದರಲ್ಲೇ ಇರುವುದು. ಮನುಷ್ಯರನ್ನು ಕೇಳಲು ನಾಚುವ ಮಗು ಗೊಂಬೆಯನ್ನು ಏನು ಬೇಕಾದರೂ ಕೇಳುತ್ತದೆ. ‘ಇದು ಅಂಟುರೋಗವಾ? ನಿನಗೆ ಫ್ರೆಂಡ್ಸ್ ಇದ್ದಾರಾ?’ ಅಂತ.

ಜೂಲಿಯಾಳ ಕಥೆಯಲ್ಲಿ ಎಲ್ಲವೂ ಸಿಹಿಯಲ್ಲ. 2019ರ ಆಗಸ್ಟ್‌ನಲ್ಲಿ, ಆಟಿಸಂ ಇರುವವರೇ ನಡೆಸುವ ‘ಆಟಿಸ್ಟಿಕ್ ಸೆಲ್ಫ್ ಅಡ್ವೊಕಸಿ ನೆಟ್‌ವರ್ಕ್’ ಸಂಸ್ಥೆ ಸೆಸಮಿ ಸ್ಟ್ರೀಟ್ ಜೊತೆಗಿನ ಸಂಬಂಧ ಕಡಿದುಕೊಂಡಿತು. ಅಲ್ಲಿಯವರೆಗೆ ಸಲಹೆ ಕೊಡುತ್ತಿದ್ದವರೇ ಅವರು. ಜೂಲಿಯಾಳ ಮುಖವನ್ನು ‘ಆಟಿಸಂ ಸ್ಪೀಕ್ಸ್’ ಎಂಬ ಇನ್ನೊಂದು ಸಂಸ್ಥೆಯ ಪ್ರಚಾರಕ್ಕೆ ಬಳಸಿದರು, ಆ ಸಂಸ್ಥೆಯ ಕೈಪಿಡಿ ಆಟಿಸಂ ಅನ್ನು ರೋಗದಂತೆ, ಶೋಕದ ಸಂಗತಿಯಂತೆ ತೋರಿಸುತ್ತದೆ ಎಂಬುದು ಅವರ ಆಕ್ಷೇಪ. ಇದು ದೂರದ ಜಗಳ ಅಂತ ಬಿಡುವ ಹಾಗಿಲ್ಲ. ಮಗುವಿನ ಎದುರಿನಲ್ಲೇ ‘ಪಾಪ, ಏನು ಗತಿ ಬಂತು’ ಅಂತ ನಿಟ್ಟುಸಿರು ಬಿಡುವವರು ನಮ್ಮ ಪ್ರತಿ ಕುಟುಂಬದಲ್ಲೂ ಇದ್ದಾರೆ. ಮಾತು ಬಾರದ ಮಗುವಿಗೆ ಕಿವಿ ಕೇಳುತ್ತದೆ ಎಂಬುದು ಅವರಿಗೆ ಮರೆತು ಹೋಗಿರುತ್ತದೆ.

ತಾಯಂದಿರ ಮೇಲೆ ಹೊರಿಸುವ ತಪ್ಪಿಗೂ ಇತಿಹಾಸ ಉಂಟು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದರು. ಅದಾದ ಮೇಲೆ ಬಹಳ ಕಾಲ, ಪ್ರೀತಿ ತೋರದ ತಾಯಿಯಿಂದಲೇ ಮಗು ಹೀಗಾಗುತ್ತದೆ ಅಂತ ದೊಡ್ಡ ದೊಡ್ಡ ವಿದ್ವಾಂಸರೇ ಹೇಳುತ್ತಿದ್ದರು. ಅದು ಸುಳ್ಳು. ಲಸಿಕೆಯಿಂದ ಬರುತ್ತದೆ ಎಂಬ 1998ರ ಲೇಖನವೂ ಸುಳ್ಳು. ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆದರೂ ವಾಟ್ಸ್ಆ್ಯಪ್‌ನಲ್ಲಿ ಆ ಮಾತು ಇನ್ನೂ ಬದುಕಿದೆ.

ಇನ್ನು ನಮ್ಮಲ್ಲಿ. ಜೂಲಿಯಾ ಟಿವಿಗೆ ಬಂದ ಅದೇ ತಿಂಗಳು, 2017ರ ಎಪ್ರಿಲ್ 19ರಂದು, ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಜಾರಿಗೆ ಬಂತು. ಹಿಂದಿನ 1995ರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. ಹೊಸದರ 21 ಬಗೆಗಳಲ್ಲಿ ಅದೂ ಸೇರಿತು. ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಅಂತ ಕಾನೂನೇ ಹೇಳುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕಿದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಯುಡಿಐಡಿ ಕಾರ್ಡ್ ಮಾಡಿಸಲು ‘ನಾಳೆ ಹುಡುಗಿಗೆ ಸಂಬಂಧ ಬರಲಿಕ್ಕಿಲ್ಲ’ ಅಂತ ಹಿಂಜರಿಯುವವರಿದ್ದಾರೆ. ಆ ಹೆದರಿಕೆಯನ್ನು ನಾನು ಹಗುರ ಮಾಡುವುದಿಲ್ಲ, ಆದರೆ ಕಳೆದುಕೊಳ್ಳುವುದು ಮಗು.

ಆದರೆ ಕಾನೂನು ಬೆಂಚಿನವರೆಗೆ ಮಾತ್ರ ತಲುಪಿಸುತ್ತದೆ. ಪಕ್ಕದಲ್ಲಿ ಕೂತವನು ಮಾತಾಡಿಸಬೇಕಲ್ಲ? ವಾರ್ಷಿಕೋತ್ಸವದಲ್ಲಿ ದಫ್ ಇರುತ್ತದೆ, ಕೋಲ್ಕಳಿ ಇರುತ್ತದೆ, ಪರಿಸರ ಉಳಿಸುವ ಕಿರುನಾಟಕ ಪ್ರತಿ ವರ್ಷ ಇದ್ದದ್ದೇ. ಹತ್ತು ನಿಮಿಷ ಇಂಥದ್ದೊಂದಕ್ಕೆ ಕೊಡಬಹುದು. ಹಳೆ ಬಟ್ಟೆ, ಉಲ್ಲನ್ ನೂಲು ಇದ್ದರೆ ಗೊಂಬೆಯಾಯಿತು. ಮನೆಯವರೇ ಆಡಿಸಲು ಒಪ್ಪಿದರೆ ಇನ್ನೂ ಒಳ್ಳೆಯದು, ಆ ಮಗುವಿನ ಮಟ್ಟಿಗೆ ಸರಿಯಾದ ಮಾತು ಗೊತ್ತಿರುವುದು ಅವರಿಗೇ. ಒಂದು ಎಚ್ಚರಿಕೆ ಬೇಕು: ಕ್ಲಾಸಿನಲ್ಲಿರುವ ಮಗುವನ್ನೇ ವೇದಿಕೆಗೆ ಕರೆದು ‘ಇವನೇ ನೋಡಿ’ ಅಂತ ತೋರಿಸಬಾರದು. ಗೊಂಬೆ ಇರುವುದೇ ಅದಕ್ಕೆ.

ನಮ್ಮ ಬಳಗದ ಒಬ್ಬ ಹೆಣ್ಣುಮಗಳು ಮೂರು ವರ್ಷ ಯಾವ ಮದುವೆಗೂ ಬಂದಿರಲಿಲ್ಲ. ಹಾಲಿನ ಸ್ಪೀಕರ್ ಸದ್ದಿಗೆ ಮಗ ಕಿರುಚುತ್ತಾನೆ, ಬಿರಿಯಾನಿ ತಟ್ಟೆ ಬಿಟ್ಟು ಎಲ್ಲರೂ ತಿರುಗಿ ನೋಡುತ್ತಾರೆ. ಕಳೆದ ಸಲ ಅವರ ತಮ್ಮನ ನಿಕಾಹ್, ಬರದೆ ಇರುವ ಹಾಗಿರಲಿಲ್ಲ. ಹುಡುಗ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಕೂತಿದ್ದ. ಆರೇಳು ವರ್ಷದ ಹುಡುಗಿಯೊಬ್ಬಳು ಬಗ್ಗಿ ನೋಡಿ, ‘ಇವನು ಯಾಕೆ ಇಲ್ಲಿ ಕೂತಿದ್ದಾನೆ?’ ಅಂತ ಕೇಳಿದಳು. ಉಮ್ಮ ಒಂದು ಕ್ಷಣ ಸುಮ್ಮನಾಗಿ, ‘ಅವನಿಗೆ ಸದ್ದು ನಮಗಿಂತ ಜೋರಾಗಿ ಕೇಳ್ತದೆ ಮಗಳೇ’ ಅಂದರು. ಹುಡುಗಿ ಸ್ಪೀಕರ್ ಕಡೆ ನೋಡಿದಳು, ಅವನ ಕಡೆ ನೋಡಿದಳು. ಆಮೇಲೆ ತನ್ನ ಚಪ್ಪಲಿ ಬಿಚ್ಚಿಟ್ಟು, ಕಿವಿ ಮುಚ್ಚಿಕೊಂಡು, ಅವನ ಪಕ್ಕದಲ್ಲಿ ಮೇಜಿನ ಕೆಳಗೆ ಹೋಗಿ ಕೂತಳು.