ಪರದೆ ಬಿಟ್ಟು ಕಡಲತಡಿಗೆ

ಹತ್ತನೆಯ ತರಗತಿ ಮುಗಿಸುವವರಿಗೆ ಹಿಂದೆ ಶಾಲೆಯಂಗಳದಲ್ಲಿ ಒಂದು ಗುಂಪುಚಿತ್ರ. ಒಂಟಿ ಪಟ ಬೇಕಿದ್ದರೆ ಸ್ಟುಡಿಯೋದ ಬಣ್ಣದ ಪರದೆ, ಅದರ ಮೇಲೆ ಕಾಣದೂರಿನ ಸರೋವರ. ಈಗ ಮಕ್ಕಳು ಮರವಂತೆಗೆ ಹೊರಡುತ್ತಾರೆ. ಅಲ್ಲಿ ಹೆದ್ದಾರಿಯ ಪಡುವಲಿಗೆ ಕಡಲು, ಮೂಡಲಿಗೆ ಸೌಪರ್ಣಿಕಾ. ಸಂಜೆ ಕಡಲಿಗೆ ಬೆನ್ನು ಹಾಕಿ ನಿಂತರೆ ಸೂರ್ಯಾಸ್ತ ಚೆಂದ, ಮುಖ ಕಪ್ಪು. ಹೊಳೆಗೆ ಬೆನ್ನು ಹಾಕಿದರೆ ಹೊಂಬಿಸಿಲು ನೇರ ಮುಖಕ್ಕೆ. ಕಡಲೇ ಹಿನ್ನೆಲೆಗೆ ಬೇಕೆಂದರೆ ಬೆಳಿಗ್ಗೆ ಹೋಗಬೇಕು. ಚಿತ್ರಕ್ಕಾಗಿ ಹೆದ್ದಾರಿಯ ನಡುವೆ ನಿಲ್ಲುವುದು ಮಾತ್ರ ಶುದ್ಧ ಹುಚ್ಚು!

ಬೈಂದೂರಿನ ಒತ್ತಿನೆಣೆಯಲ್ಲಿ ಎತ್ತರದ ನೋಟವಿದೆ, ಗಾಳಿಗೆ ಕೂದಲು ನಿಲ್ಲದು. ನಡುಹಗಲಿಗೆ ಬ್ರಹ್ಮಾವರದ ಬಳಿ ಬಾರ್ಕೂರಿನ ಕತ್ತಲೆ ಬಸದಿಯ ಕಲ್ಲುಕಂಬಗಳ ನೆರಳೇ ಲೇಸು, ಕಣ್ಣು ಕಿರಿದಾಗುವುದಿಲ್ಲ.

ಪೇಟೆಯನ್ನೂ ಮರೆಯಬಾರದು. ಮೇಲ್ಸೇತುವೆ ಬಂದ ಮೇಲೆ ಕುಂದಾಪುರದ ಶಾಸ್ತ್ರಿ ಸರ್ಕಲ್‌ನ ಹಳೆಯ ನೋಟ ಉಳಿದಿಲ್ಲ. ಹಾಗಾಗಿ ಒಂದು ಪಟವಾದರೂ ದಿನವೂ ಬಸ್ಸು ಕಾದ ಜಾಗದಲ್ಲೇ ತೆಗೆಸಿಕೊಳ್ಳಿ, ಚೀಲ ಹೆಗಲಲ್ಲೇ ಇರಲಿ.