ಊರೇ ಒಡೆಯನಾದ ತಂಡ

ಧನಿಕರ ದೇಶವೆಂದು ಹೆಸರಾದ ಅಮೆರಿಕೆಯಲ್ಲಿ ಆಟವೂ ಒಂದು ದೊಡ್ಡ ವ್ಯಾಪಾರವಾಗಿರುವುದು. ಅಲ್ಲಿಯ ವೃತ್ತಿನಿರತ ಫುಟ್‌ಬಾಲ್ ತಂಡಗಳನ್ನು ಕೋಟ್ಯಧೀಶರು ಕೊಳ್ಳುವರು, ಮಾರುವರು. ಬೇರೊಂದು ಪಟ್ಟಣದಲ್ಲಿ ಹೆಚ್ಚಿನ ಲಾಭವುಂಟೆಂದು ಕಂಡೊಡನೆ ತಂಡವನ್ನೇ ಅಲ್ಲಿಗೆ ಸಾಗಿಸುವರು. ೧೯೮೪ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಬಾಲ್ಟಿಮೋರ್ ನಗರದ ತಂಡವು ರಾತ್ರೋರಾತ್ರಿ ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಇಂಡಿಯಾನಾಪೊಲಿಸಿಗೆ ಹೊರಟುಹೋಯಿತು. ಮೂರು ದಶಕಗಳ ಕಾಲ ಅದನ್ನು ತಮ್ಮದೆಂದು ನಂಬಿದ್ದ ಪಟ್ಟಣಿಗರು ಬೆಳಗ್ಗೆ ಎದ್ದು ನೋಡುವಾಗ ತಮ್ಮದೆಂಬುದು ಏನೂ ಉಳಿದಿರಲಿಲ್ಲ. ನಂಬಿಕೆ ಜನರದು, ಒಡೆತನ ಒಬ್ಬನದು ಎಂದಾದಲ್ಲಿ ಆಗತಕ್ಕದ್ದು ಇದೇ.

ಇಂತಹ ವ್ಯವಸ್ಥೆಯ ನಡುವೆಯೇ ಇದಕ್ಕೆ ತೀರ ವಿರುದ್ಧವಾದ ಒಂದು ನಿದರ್ಶನವೂ ಉಂಟು. ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಗ್ರೀನ್ ಬೇ ಎಂಬುದೊಂದು ಸಣ್ಣ ಪಟ್ಟಣ. ಅಲ್ಲಿಯ ಪ್ಯಾಕರ್ಸ್ ತಂಡವು ೧೯೬೭ರ ಋತುವಿನಲ್ಲಿ ಸತತವಾಗಿ ಮೂರನೆಯ ಬಾರಿ ರಾಷ್ಟ್ರೀಯ ಲೀಗಿನ ಚಾಂಪಿಯನ್ ಪದವಿಯನ್ನು ಪಡೆಯಿತು. ಆಗ ಆ ಊರಿನ ಜನಸಂಖ್ಯೆ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ನ್ಯೂಯಾರ್ಕ್, ಲಾಸ್ ಏಂಜಲ್ಸ್, ಷಿಕಾಗೋ ಮೊದಲಾದ ಮಹಾನಗರಗಳಿಗೆ ಸಾಧ್ಯವಾಗದುದು ಈ ಊರಿಗೆ ಹೇಗೆ ಸಾಧ್ಯವಾಯಿತೆಂಬುದು ಆಟದ ಗೀಳಿಲ್ಲದವರೂ ವಿಚಾರಿಸತಕ್ಕ ಸಂಗತಿ.

ಅಮೆರಿಕದ ಫುಟ್‌ಬಾಲ್ ನಮ್ಮಲ್ಲಿ ಬಳಕೆಯಲ್ಲಿರುವ ಕಾಲ್ಚೆಂಡಾಟವಲ್ಲ. ಪಕ್ಷಕ್ಕೆ ಹನ್ನೊಂದು ಜನ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವರು, ಇಲ್ಲವೆ ತಮ್ಮವನಿಗೆ ಎಸೆಯುವರು. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದುವರಿಯದಿದ್ದರೆ ಚೆಂಡು ಎದುರಾಳಿಗಳ ಪಾಲು. ಎದುರಾಳಿಗಳ ಗಡಿಗೆರೆಯನ್ನು ದಾಟಿದರೆ ಆರು ಅಂಕ, ಅದರ ಮೇಲೆ ಒದ್ದು ಗಳಿಸುವ ಒಂದು ಅಂಕ. ದೂರದಿಂದಲೇ ಕಂಬಗಳ ನಡುವೆ ಒದ್ದರೆ ಮೂರು. ಒಟ್ಟಿನಲ್ಲಿ ಇದು ಗಜಗಜವಾಗಿ ನೆಲವನ್ನು ಗೆಲ್ಲುವ ಆಟ.

ಈ ತಂಡವು ಹುಟ್ಟಿದುದು ೧೯೧೯ರಲ್ಲಿ. ಕರ್ಲಿ ಲ್ಯಾಂಬೋ ಎಂಬ ತರುಣನೂ ಜಾರ್ಜ್ ಕ್ಯಾಲ್ಹೂನ್ ಎಂಬ ಪತ್ರಕರ್ತನೂ ಅದರ ಸ್ಥಾಪಕರು. ಲ್ಯಾಂಬೋ ಕೆಲಸ ಮಾಡುತ್ತಿದ್ದ, ಮಾಂಸವನ್ನು ಡಬ್ಬಿಗಳಲ್ಲಿ ತುಂಬಿ ಮಾರುವ ಕಂಪೆನಿಯು ಉಡುಪಿಗಾಗಿ ೫೦೦ ಡಾಲರುಗಳನ್ನು ಕೊಟ್ಟಿತು. ಪ್ಯಾಕರ್ಸ್ ಎಂಬ ಹೆಸರು ಅದರಿಂದ ಬಂದುದು. ಬೊಕ್ಕಸ ಬರಿದಾದಾಗ, ೧೯೨೩ರಲ್ಲಿ, ಊರಿನ ಪ್ರಮುಖರು ಒಬ್ಬ ಸಾಹುಕಾರನ ಬಾಗಿಲಿಗೆ ಹೋಗಲಿಲ್ಲ. ಷೇರಿಗೆ ಐದು ಡಾಲರಿನಂತೆ ಸಾವಿರ ಷೇರುಗಳನ್ನು ಊರವರಿಗೇ ಮಾರಿದರು. ಈ ಷೇರಿಗೆ ಲಾಭಾಂಶವಿಲ್ಲ. ತಂಡವನ್ನು ಎಂದಾದರೂ ಮಾರಿದರೆ ಬಂದ ಹಣವು ಭಾಗಸ್ಥರಿಗೆ ಸೇರದೆ, ನಿವೃತ್ತ ಸೈನಿಕರ ಸಂಘದ ಮೂಲಕ ಯೋಧರ ಸ್ಮಾರಕಕ್ಕೆ ಸಲ್ಲತಕ್ಕದ್ದೆಂದು ನಿಯಮ ಮಾಡಿದರು. ಮಾರಿದರೆ ಯಾರಿಗೂ ಲಾಭವಿಲ್ಲದ ಆಸ್ತಿಯನ್ನು ಮಾರುವವರಾರು? ಆ ಒಂದು ನಿಯಮದಿಂದ ಊರು ತನ್ನ ಸೊತ್ತಿಗೆ ತಾನೇ ಬೀಗ ಹಾಕಿಕೊಂಡಿತು.

ಕಷ್ಟಗಳು ಅಷ್ಟಕ್ಕೇ ತೀರಲಿಲ್ಲ. ೧೯೩೧ರಲ್ಲಿ ಪ್ರೇಕ್ಷಕನೊಬ್ಬನು ಆಸನದ ಅಟ್ಟದಿಂದ ಬಿದ್ದು ಪರಿಹಾರಕ್ಕಾಗಿ ವ್ಯಾಜ್ಯ ಹೂಡಿ ಗೆದ್ದನು. ವಿಮಾ ಕಂಪೆನಿಯು ದಿವಾಳಿಯೆದ್ದುದರಿಂದ ಹೊರೆಯೆಲ್ಲ ತಂಡದ ಮೇಲೆ ಬಿದ್ದಿತು. ೧೯೩೫ರಲ್ಲಿಯೂ ೧೯೫೦ರಲ್ಲಿಯೂ ಜನರು ಮತ್ತೆ ಷೇರು ಕೊಂಡು ತಂಡವನ್ನುಳಿಸಿದರು. ೧೯೫೬ರಲ್ಲಿ ಹೊಸ ಕ್ರೀಡಾಂಗಣಕ್ಕಾಗಿ ನಗರವು ಸಾಲವೆತ್ತಬಹುದೇ ಎಂದು ಮತ ಕೇಳಿದಾಗ, ಬೇಡವೆಂದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಮಂದಿ ಬೇಕೆಂದರು. ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ ಎಂಬ ಮಾತು ಆ ಹಿಮದ ನಾಡಿನಲ್ಲಿಯೂ ನಿಜವಾಯಿತು.

ಆದರೆ ಹಣ ಕೂಡಿದ ಮಾತ್ರಕ್ಕೆ ಗೆಲವು ಬಾರದು. ೧೯೫೮ರಲ್ಲಿ ಈ ತಂಡವು ಹನ್ನೆರಡು ಪಂದ್ಯಗಳಲ್ಲಿ ಗೆದ್ದುದು ಒಂದೇ ಒಂದು. ಮರುವರ್ಷ ವಿನ್ಸ್ ಲೊಂಬಾರ್ಡಿ ಎಂಬಾತನು ಶಿಕ್ಷಕನಾಗಿ ಬಂದನು. ಇಟಲಿ ಮೂಲದ ಮನೆತನದವನು, ಹಿಂದೆ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದವನು. ಪಾಠ ಒಪ್ಪಿಸಿದಂತೆ ಒಂದೇ ಚಲನೆಯನ್ನು ನೂರಾರು ಸಲ ಮಾಡಿಸುವ ಕಠಿನ ಶಿಸ್ತಿನ ಮನುಷ್ಯ. ವರ್ಣಭೇದವು ಇನ್ನೂ ಬಲವಾಗಿದ್ದ ಆ ಕಾಲದಲ್ಲಿ, ತನ್ನ ಕರಿಯ ಆಟಗಾರರನ್ನು ಹೊರಗಿಡುವ ಯಾವ ಹೋಟೆಲಿಗೂ ತಂಡದ ಬೇರೆ ಯಾರೂ ಕಾಲಿಡಕೂಡದೆಂದು ಕಟ್ಟು ಮಾಡಿದನು. ವಿಲ್ಲೀ ಡೇವಿಸ್, ಹರ್ಬ್ ಅಡರ್ಲಿ, ವಿಲ್ಲೀ ವುಡ್ ಮೊದಲಾದ ಕರಿಯ ವೀರರು ಈ ತಂಡದ ಬೆನ್ನೆಲುಬಾಗಿದ್ದರು. ೧೯೬೧, ೧೯೬೨, ೧೯೬೫, ೧೯೬೬ — ಈ ನಾಲ್ಕು ವರ್ಷಗಳಲ್ಲಿ ಗ್ರೀನ್ ಬೇ ಚಾಂಪಿಯನ್ ಆಯಿತು.

೧೯೬೭ರ ಹೊತ್ತಿಗೆ ತಂಡಕ್ಕೆ ವಯಸ್ಸಾಗಿತ್ತು. ಹಾರ್ನಂಗ್, ಟೇಲರ್ ಎಂಬ ಹೆಸರಾಂತ ಓಟಗಾರರಿಬ್ಬರೂ ಬಿಟ್ಟುಹೋಗಿದ್ದರು; ಅವರ ಸ್ಥಾನಕ್ಕೆ ಬಂದವರು ನಡುವೆಯೇ ಗಾಯಗೊಂಡರು. ಗೆಲವು ಒಂಬತ್ತು, ಸೋಲು ನಾಲ್ಕು, ಸಮ ಒಂದು. ಲಾಸ್ ಏಂಜಲ್ಸಿನ ರ್‍ಯಾಮ್ಸ್ ತಂಡವು ಹನ್ನೊಂದು ಪಂದ್ಯಗಳನ್ನು ಗೆದ್ದು ಒಂದನ್ನು ಮಾತ್ರ ಸೋತಿತ್ತು. ಆದರೂ ಡಿಸೆಂಬರ್ ೨೩ರಂದು ಗ್ರೀನ್ ಬೇ ಅದನ್ನು ೨೮ಕ್ಕೆ ೭ರಂತೆ ಸೋಲಿಸಿ, ಡಾಲಸ್ ತಂಡದೊಡನೆ ಅಂತಿಮ ಪಂದ್ಯಕ್ಕೆ ನಿಂತಿತು.

ಆ ಪಂದ್ಯ ನಡೆದುದು ಡಿಸೆಂಬರ್ ೩೧ರಂದು, ಗ್ರೀನ್ ಬೇಯಲ್ಲಿಯೇ. ಅಂದಿನ ಚಳಿ ಫಾರನ್‌ಹೀಟ್ ಮಾನದಲ್ಲಿ ಸೊನ್ನೆಗಿಂತ ೧೩ ಅಂಶ ಕೆಳಗೆ. ನೆಲವನ್ನು ಬೆಚ್ಚಗಿಡಲು ಹುಲ್ಲಿನಡಿಯಲ್ಲಿ ಹೂಳಿದ್ದ ವಿದ್ಯುತ್ ತಂತಿಗಳ ಏರ್ಪಾಡು ಕೆಟ್ಟುಹೋಗಿ ಅಂಗಣವೇ ಮಂಜುಗಡ್ಡೆಯಾಯಿತು. ತೀರ್ಪುಗಾರರ ಸೀಟಿಗಳು ಹೆಪ್ಪುಗಟ್ಟಿದುದರಿಂದ ಅವರು ಬಾಯಿಂದ ಕೂಗಿ ಆಟವನ್ನು ನಡೆಯಿಸಿದರು. ಐವತ್ತು ಸಾವಿರ ಜನ ಪ್ರೇಕ್ಷಕರು ಕೊನೆಯವರೆಗೂ ಕದಲಲಿಲ್ಲ.

ಗ್ರೀನ್ ಬೇ ಮೊದಲು ೧೪ ಅಂಕಗಳನ್ನು ಗಳಿಸಿತಾದರೂ ಕೈಜಾರಿದ ಚೆಂಡುಗಳಿಂದ ಡಾಲಸಿಗೆ ಹತ್ತು ಅಂಕಗಳನ್ನು ತಾನೇ ದಾನ ಮಾಡಿದಂತಾಯಿತು. ನಾಲ್ಕನೆಯ ಭಾಗದ ಆರಂಭದಲ್ಲಿಯೇ ಡಾಲಸ್ ೧೭ಕ್ಕೆ ೧೪ರಂತೆ ಮುಂದಾಯಿತು. ಐದು ನಿಮಿಷಗಳಿಗೂ ಕಡಮೆ ಕಾಲ ಉಳಿದಿರುವಾಗ ಚೆಂಡು ಮರಳಿ ಗ್ರೀನ್ ಬೇಯ ಕೈಗೆ ಬಂದಿತು. ದಾಟಬೇಕಾದುದು ೬೮ ಗಜ. ಸೂತ್ರಧಾರನಾದ ಬಾರ್ಟ್ ಸ್ಟಾರನು ಗಾಬರಿಯಿಲ್ಲದೆ ತಂಡವನ್ನು ನಡೆಯಿಸಿದನು. ಇತರ ತಂಡದವರು ಬೇಡವೆಂದು ಬಿಟ್ಟಿದ್ದ, ಋತುವಿನ ನಡುವೆ ಬಂದು ಸೇರಿದ ಚಕ್ ಮರ್ಸೀನನೇ ಆಗ ಅತಿ ಮುಖ್ಯವಾದ ಗಜಗಳನ್ನು ಗಳಿಸಿಕೊಟ್ಟನು.

ಹದಿನಾರು ಸೆಕೆಂಡುಗಳು ಉಳಿದುವು. ಗಡಿಗೆರೆಗೆ ಒಂದು ಗಜವೂ ಇರಲಿಲ್ಲ. ಒದ್ದು ಮೂರು ಅಂಕ ಗಳಿಸಿ ಸಮ ಮಾಡಿಕೊಳ್ಳುವುದು ಕ್ಷೇಮದ ದಾರಿ. ಓಡಲು ಯತ್ನಿಸಿ ವಿಫಲರಾದರೆ ಇನ್ನೊಮ್ಮೆ ನಿಲ್ಲಲು ಸಮಯವಿಲ್ಲ. ವರ್ಷದ ದುಡಿಮೆಯೆಲ್ಲ ಮಣ್ಣುಪಾಲು. ಸ್ಟಾರನು ಚೆಂಡನ್ನು ತಾನೇ ಹಿಡಿದು ನುಗ್ಗುವೆನೆಂದನು, ಲೊಂಬಾರ್ಡಿ ಒಪ್ಪಿದನು. ಕ್ರೇಮರ್, ಬೌಮನ್ ಎಂಬಿಬ್ಬರು ಎದುರಾಳಿಯನ್ನು ಒತ್ತಿ ಸರಿಸಿದರು. ತೆರೆದ ಸಂದಿಯಲ್ಲಿ ಸ್ಟಾರನು ಗೆರೆಯಾಚೆ ಬಿದ್ದನು. ಇಪ್ಪತ್ತೊಂದಕ್ಕೆ ಹದಿನೇಳು. ಎರಡು ವಾರಗಳ ತರುವಾಯ, ೧೯೬೮ರ ಜನವರಿ ೧೪ರಂದು, ಮಯಾಮಿಯಲ್ಲಿ ಪ್ರತಿಸ್ಪರ್ಧಿ ಲೀಗಿನ ಓಕ್ಲಂಡ್ ತಂಡವನ್ನೂ ೩೩ಕ್ಕೆ ೧೪ರಂತೆ ಸೋಲಿಸಿದರು.

ಈ ವಿಜಯಕ್ಕೆ ಲೊಂಬಾರ್ಡಿಯ ಶಿಸ್ತೇ ಕಾರಣವೆಂದು ಹೇಳಿ ಮುಗಿಸುವವರುಂಟು. ಅದು ಅರ್ಧ ಸತ್ಯ. ೧೯೬೧ರಲ್ಲಿ ಅಮೆರಿಕದ ಕಾಂಗ್ರೆಸ್ಸು ಒಂದು ಶಾಸನವನ್ನು ಮಾಡಿ, ಲೀಗಿನ ತಂಡಗಳೆಲ್ಲ ಕೂಡಿ ಟೆಲಿವಿಷನ್ ಹಕ್ಕುಗಳನ್ನು ಮಾರಲು ಅವಕಾಶ ಕೊಟ್ಟಿತು. ಬಂದ ಹಣವನ್ನು ತಂಡಗಳು ಸಮನಾಗಿ ಹಂಚಿಕೊಂಡುವು. ನ್ಯೂಯಾರ್ಕಿಗೆ ಎಷ್ಟೋ ಗ್ರೀನ್ ಬೇಗೂ ಅಷ್ಟೇ. ಸಮಪಾಲಿನ ಆ ನಿಯಮವಿಲ್ಲದಿದ್ದರೆ ಎಂತಹ ಶಿಸ್ತೂ ಸಣ್ಣ ಊರನ್ನು ಬಹುಕಾಲ ಕಾಪಾಡಲಾರದು. ಸ್ವಪ್ರಯತ್ನವೂ ನ್ಯಾಯವಾದ ಕಟ್ಟಳೆಯೂ ಕೂಡಿದಲ್ಲಿ ಮಾತ್ರ ದುರ್ಬಲನು ಬಲಿಷ್ಠನೊಡನೆ ಸರಿಸಮನಾಗಿ ನಿಲ್ಲುವನು.

ಜನರ ಒಡೆತನದ ನಿಜವಾದ ಪರೀಕ್ಷೆ ನಡೆದುದು ಗೆದ್ದಾಗಲ್ಲ, ಸೋತಾಗ. ಮಯಾಮಿಯ ವಿಜಯದ ಬಳಿಕ ಲೊಂಬಾರ್ಡಿ ಶಿಕ್ಷಕನ ಸ್ಥಾನವನ್ನು ತ್ಯಜಿಸಿದನು, ೧೯೭೦ರಲ್ಲಿ ತೀರಿಕೊಂಡನು. ೧೯೬೮ರಿಂದ ೧೯೯೨ರವರೆಗೆ, ಎರಡು ಋತುಗಳನ್ನು ಬಿಟ್ಟರೆ, ತಂಡವು ಅಂತಿಮ ಸುತ್ತುಗಳನ್ನೇ ಕಾಣಲಿಲ್ಲ. ಒಬ್ಬ ಧನಿಕನ ಸೊತ್ತಾಗಿದ್ದರೆ ಅದು ಎಂದೋ ಬೇರೊಂದು ನಗರಕ್ಕೆ ಹೋಗುತ್ತಿದ್ದಿತೆಂಬುದರಲ್ಲಿ ನಮಗೆ ಸಂಶಯವಿಲ್ಲ. ಗ್ರೀನ್ ಬೇಯ ಜನರು ಚಳಿಯಲ್ಲಿ ಬಂದು ಕುಳಿತರು, ಸೋಲನ್ನು ನೋಡಿದರು, ಮರುವಾರ ಮತ್ತೆ ಬಂದರು. ೧೯೯೬ರ ಋತುವಿನಲ್ಲಿಯೂ ೨೦೧೦ರ ಋತುವಿನಲ್ಲಿಯೂ ಅವರ ತಂಡ ಮತ್ತೆ ಚಾಂಪಿಯನ್ ಆಯಿತು. ಇಂದು ಅದರ ಭಾಗಸ್ಥರ ಸಂಖ್ಯೆ ಐದು ಲಕ್ಷವನ್ನು ಮೀರಿರುವುದು; ಒಬ್ಬರಿಗೂ ಒಂದು ಕಾಸಿನ ಲಾಭಾಂಶವಿಲ್ಲ.

ಲಾಭವಿಲ್ಲದ ಕಾಗದವನ್ನು ಕೊಳ್ಳುವುದು ಮೌಢ್ಯವೆಂದು ಲೆಕ್ಕ ಬಲ್ಲವರು ನಗಬಹುದು. ಬಾಲ್ಟಿಮೋರಿನವರು ನಗಲಾರರು. ಆಟಗಾರರು ಬದಲಾಗುವರು, ಶಿಕ್ಷಕರು ಹೋಗುವರು, ಗೆಲವು ಬಂದು ಹೋಗುವುದು. ಊರಿನ ವಸ್ತು ಊರಿನಲ್ಲಿಯೇ ಉಳಿಯಿತೆಂಬುದೇ ಅವರಿಗೆ ದೊರೆತ ಲಾಭಾಂಶ. ಇದೇ ಲೀಗಿನ ಇಂದಿನ ನಿಯಮಗಳು ಇಂತಹ ಎರಡನೆಯ ತಂಡಕ್ಕೆ ಎಡೆಗೊಡುವುದಿಲ್ಲ. ನೂರು ವರ್ಷಗಳ ಹಿಂದೆ ಐದೈದು ಡಾಲರು ಕೊಟ್ಟ ಅಂಗಡಿಕಾರರೂ ಕೆಲಸಗಾರರೂ ಎಂತಹ ದೂರದೃಷ್ಟಿಯುಳ್ಳವರಾಗಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಾಗಿಲ್ಲ.